ಹಳೆಯ ಲ್ಯಾಪ್‌ಟಾಪ್‌ಗೆ ಹೊಸ ಸಂಸಾರ



ದೆಹಲಿಯಲ್ಲಿ ಕಂಪ್ಯೂಟರ್ ಎಂದೊಡನೆ ನೆನಪಾಗುವುದು ನೆಹರೂ ಪ್ಲೇಸ್. ಮಕ್ಕಳು ಕಾಲೇಜು ಸೇರಿದ ವರ್ಷ ನೋಯ್ಡಾ, ಗುರುಗ್ರಾಮದ ನಮ್ಮವರೂ ಅಲ್ಲಿಗೊಮ್ಮೆ ಹೋಗಿಬರುತ್ತಾರೆ. ಹೊಸದರ ಬೆಲೆ ಕೈಗೆಟುಕದಿದ್ದರೆ, ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು ಅಲ್ಲಿ ಸಿಗುತ್ತವೆ. “ಸಬ್ ಕುಛ್ ಡಾಲಾ ಹುವಾ ಹೈ” ಎನ್ನುತ್ತಾನೆ ಅಂಗಡಿಯವನು. ಆ ‘ಸಬ್ ಕುಛ್’ ಬಗ್ಗೆಯೇ ಇಂದಿನ ಮಾತು.

ಅದರಲ್ಲಿ ಕಳ್ಳಪ್ರತಿಯ ವಿಂಡೋಸ್ ಇರಬಹುದು. ನೀವು ಒತ್ತುವ ಅಕ್ಷರಗಳನ್ನೆಲ್ಲ ಬೇರೆಯವರಿಗೆ ರವಾನಿಸುವ ತಂತ್ರಾಂಶವೂ ಇರಬಹುದು. ನಾಳೆ ಅದರಲ್ಲೇ ನಿಮ್ಮ ಬ್ಯಾಂಕಿನ ಪಾಸ್‌ವರ್ಡ್ ಒತ್ತುತ್ತೀರಿ. ಬಾಡಿಗೆ ಮನೆಗೆ ಹೋದಾಗ ಬೀಗ ಬದಲಿಸುವುದಿಲ್ಲವೇ? ಇಲ್ಲಿಯೂ ಅಷ್ಟೆ, ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಳ್ಳಬೇಕು.

ಮೊದಲು ಅಂಗಡಿಯಲ್ಲೇ ಮೂರು ಕೆಲಸ. ಯಂತ್ರದ ಅಡಿಯ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬಯೋಸ್‌ಗೆ ಪಾಸ್‌ವರ್ಡ್ ಹಾಕಿಲ್ಲವೆಂದು ತೆರೆದು ನೋಡಿ. ವಾಪಸಿನ ಮಾತನ್ನೂ ಬಿಲ್ಲಿನಲ್ಲೇ ಬರೆಸಿ. ಏಕೆಂದರೆ, ಹೊಸದಾಗಿ ವಿಂಡೋಸ್ ಹಾಕಿ ಇಂಟರ್‌ನೆಟ್ ಸೇರಿಸಿದೊಡನೆ ಯಾವುದೋ ಕಂಪನಿಯ ಲಾಗಿನ್ ಕೇಳಿದರೆ, ಆ ಯಂತ್ರ ಇನ್ನೂ ಅವರ ಪಟ್ಟಿಯಲ್ಲಿದೆ ಎಂದರ್ಥ. ಅದನ್ನು ಹಿಂದಿರುಗಿಸುವುದೇ ಲೇಸು.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಇರಬೇಕು. ಅದಕ್ಕಿಂತ ಹಳೆಯದಾದರೆ ಉಬುಂಟು, ಲಿನಕ್ಸ್ ಮಿಂಟ್ ಉಚಿತ. ಪೆನ್ ಡ್ರೈವ್‌ನಿಂದಲೇ ಓಡಿಸಿ ನೋಡಿ, ಹಿಡಿಸಿದರೆ ಹಾಕಿಕೊಳ್ಳಬಹುದು.

ಇನ್ನು ಹಾಕುವ ಕ್ರಮ. ನಂಬಿಕೆಯ ಬೇರೊಂದು ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್‌ನ ತಾಣದಿಂದಲೇ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿ, ಕನಿಷ್ಠ 8 ಜಿಬಿಯ ಖಾಲಿ ಪೆನ್ ಡ್ರೈವ್‌ಗೆ ತುಂಬಿಸಿ. ಲ್ಯಾಪ್‌ಟಾಪ್‌ಗೆ ಚಾರ್ಜರ್ ಹಾಕಿಯೇ ಇರಲಿ. ನಮ್ಮ ಬೇಸಿಗೆಯ ಕರೆಂಟನ್ನು ನಂಬಿ, ಬ್ಯಾಟರಿ ತುಂಬಿಸದೆ ಕೂರಬೇಡಿ. ಸ್ವಿಚ್ ಒತ್ತಿದೊಡನೆ ಡೆಲ್, ಲೆನೊವೊಗಳಲ್ಲಿ ಹೆಚ್ಚಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿದರೆ ಪೆನ್ ಡ್ರೈವ್ ಆರಿಸಿಕೊಳ್ಳಬಹುದು. ಡಿಸ್ಕಿನ ಪಟ್ಟಿ ಬಂದಾಗ ಹಳೆಯ ಭಾಗಗಳನ್ನೆಲ್ಲ ಅಳಿಸಿ, ಖಾಲಿ ಜಾಗ ತೋರಿಸಿ ಮುಂದುವರಿಯಿರಿ. ಅಳಿಸಿದ್ದು ಮರಳಿ ಬಾರದು. ನಿಮ್ಮ ಫೋಟೋ ಇರುವ ಬೇರೆ ಡಿಸ್ಕನ್ನು ಮೊದಲೇ ಕಳಚಿಡಿ. ಕೀ ಕೇಳಿದರೆ ಗಾಬರಿ ಬೇಡ. ಅಸಲಿ ವಿಂಡೋಸ್ ಜೊತೆ ಬಂದ ಯಂತ್ರವಾದರೆ ಸಾಮಾನ್ಯವಾಗಿ ಪರವಾನಗಿ ಅದರಲ್ಲೇ ಅಡಗಿರುತ್ತದೆ. ‘ಕೀ ಇಲ್ಲ’ ಎಂದು ಮುಂದೆ ಹೋಗಿ, ಹಿಂದೆ ಇದ್ದ ಆವೃತ್ತಿಯನ್ನೇ ಆರಿಸಿ.

ಕನ್ನಡಿಗರಿಗೆ ಇನ್ನೊಂದು ಮಾತು. ಹಳೆಯ ಕಂಪ್ಯೂಟರಿನಲ್ಲಿ ನುಡಿ, ಬರಹಗಳಲ್ಲಿ ಬರೆದಿಟ್ಟ ಕಡತಗಳನ್ನು ಇಲ್ಲಿಗೆ ತಂದರೆ, ಆ ಫಾಂಟ್ ಇಲ್ಲದೆ ಅವು ಅರ್ಥವಿಲ್ಲದ ಇಂಗ್ಲಿಷ್ ಗೀಚಾಗಿ ಕಾಣುತ್ತವೆ. ಹಾಳಾಯಿತೆಂದು ಎಸೆಯಬೇಡಿ. ಪರಿವರ್ತಕದಿಂದ ಅವನ್ನು ಯೂನಿಕೋಡ್‌ಗೆ ಬದಲಿಸಿಡಿ. ಅಪ್ಪ ಬರೆದ ಲೇಖನವೋ, ಸಂಘದ ನಾಟಕದ ಪ್ರತಿಯೋ, ಮುಂದಿನ ಯಂತ್ರದಲ್ಲೂ ಓದಲು ಸಿಗುತ್ತದೆ. ಹೊಸದಾಗಿ ಬರೆಯಲು ವಿಂಡೋಸ್‌ನ ಭಾಷೆಯ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಸೇರಿಸಿದರೆ ಸಾಕು.

ನಿಮ್ಮ ಹಳೆಯದನ್ನು ಮಾರುವಾಗಲೂ ಇದೇ ಎಚ್ಚರ ಇರಲಿ. ಬರಿದೆ ಡಿಲೀಟ್ ಒತ್ತಿದರೆ ಕಡತ ಪೂರ್ತಿ ಹೋಗುವುದಿಲ್ಲ. ರೀಸೆಟ್‌ನಲ್ಲಿ ಎಲ್ಲವನ್ನೂ ತೆಗೆದು, ಡ್ರೈವನ್ನೂ ಶುಚಿಗೊಳಿಸುವ ಆಯ್ಕೆ ಒತ್ತಿಯೇ ಕೊಡಿ. ಇನ್ನೊಬ್ಬರ ಗುಟ್ಟು ನಮಗೆ ಬೇಡ, ನಮ್ಮ ಗುಟ್ಟು ಇನ್ನೊಬ್ಬರಿಗೂ ಬೇಡ.