‘ಒಂದೆರಡು ಕಡೆ ಮಳೆ’ ಎಂದರೆ ಎಷ್ಟು?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹೋದ ಆಗಸ್ಟ್‌ನಲ್ಲಿ ಊರಿಗೆ ಬಂದಾಗ, ಒಂಬತ್ತನೇ ತರಗತಿಗೆ ಹವಾಮಾನದ ಬಗ್ಗೆ ಎರಡು ಮಾತು ಹೇಳಿ ಎಂದು ಮುಖ್ಯಗುರುಗಳು ಕರೆದರು. ನಾನು ಬಾಯಿ ತೆರೆಯುವ ಮೊದಲೇ ಮಸ್ಕಿ ಕಡೆಯ ಹಳ್ಳಿಯಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, ಮೊಬೈಲ್‌ನ್ಯಾಗ ಮಳಿ ಬರ್ತೈತಿ ಅಂತ ತೋರಿಸ್ತು. ಅಪ್ಪ ತೊಗರಿ ಬಿತ್ತಿದ. ಮಳಿ ಬರಲಿಲ್ಲ. ಬೀಜದ ರೊಕ್ಕ ಯಾರು ಕೊಡ್ತಾರ?”

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಸಿಂಧನೂರಿನ ಕಾಲುವೆ ಕೆಳಗಿನ ಭತ್ತದವರು ತುಂಗಭದ್ರಾ ಜಲಾಶಯದ ಮಟ್ಟ ಕೇಳುತ್ತಾರೆ. ಲಿಂಗಸುಗೂರು, ಮಸ್ಕಿ ಕಡೆಯ ಒಣಬೇಸಾಯದವರು ಆಕಾಶವನ್ನೇ ಕೇಳಬೇಕು.

ಅಂದು ಮುನ್ಸೂಚನೆಯ ಮಾತನ್ನೇ ಹಿಡಿದು ಪಾಠ ಮಾಡಿದೆ. ಉತ್ತರ ಒಳನಾಡಿನ ‘ಒಂದೆರಡು ಕಡೆ’ ಮಳೆ ಎಂದು ಹವಾಮಾನ ಇಲಾಖೆ ಹೇಳಿದರೆ ಅದಕ್ಕೊಂದು ಲೆಕ್ಕವಿದೆ. ಮಳೆ ಅಳೆಯುವ ಕೇಂದ್ರಗಳಲ್ಲಿ ನೂರಕ್ಕೆ 25 ಅಥವಾ ಇನ್ನೂ ಕಡಿಮೆ ಕಡೆ ಬೀಳಬಹುದು ಎಂದರ್ಥ. 26ರಿಂದ 50 ಆದರೆ ‘ಕೆಲವು ಕಡೆ’. ಅಂದಮೇಲೆ ನಾಲ್ಕು ಊರಲ್ಲಿ ಮೂರು ಒಣಗಿದ್ದರೂ ಮುನ್ಸೂಚನೆ ಸುಳ್ಳಾಗುವುದಿಲ್ಲ. ಮೊಬೈಲ್ ಮಾತ್ರ ಆ ‘ಒಂದೆರಡು’ ಎಂಬ ಮಾತನ್ನು ನುಂಗಿ, ಮೋಡದ ಚಿತ್ರವನ್ನಷ್ಟೇ ತೋರಿಸುತ್ತದೆ. ಆ ಚಿತ್ರ ಹಾಕುವವರು ನಮ್ಮಂಥ ಕಂಪ್ಯೂಟರ್‌ನವರೇ!

ಇನ್ನೊಬ್ಬ ಹುಡುಗ, ಈ ವರ್ಷದ ಬಿಸಿಲೇ ಹವಾಮಾನ ಬದಲಾವಣೆಯಾ ಎಂದು ಕೇಳಿದ. ಒಂದು ವರ್ಷದಿಂದ ಅದು ತಿಳಿಯದು, 30 ವರ್ಷದ ಸರಾಸರಿ ಬೇಕು ಎಂದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ನೂರಕ್ಕೆ ಸುಮಾರು 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಹಾಗಾಗಿ ಒಮ್ಮೆಲೇ ಸುರಿಯುವ ಮಳೆ ಜೋರಾಗುತ್ತದೆ. ನಮ್ಮೂರಲ್ಲಿ ಹಾಗಾಗಿದೆಯೇ? ಶಾಲೆಗೆ 50 ತುಂಬಿದೆ. ಮೊದಲ ವರ್ಷದಿಂದ ಮಳೆ ಬರೆದಿಟ್ಟಿದ್ದರೆ ಮಕ್ಕಳೇ ಇವತ್ತು ಲೆಕ್ಕ ಹಾಕುತ್ತಿದ್ದರು. ಹಾಜರಿ ಪುಸ್ತಕಗಳಿವೆ, ಮಳೆಯ ಪುಸ್ತಕವಿಲ್ಲ.

ಗೆಳೆಯರು ಸೇರಿ ಒಂದು ಮಳೆಮಾಪಕ ತಂದಿದ್ದೇವೆ. ಬೇವಿನ ಮರದಿಂದ ದೂರ, ಬಯಲಲ್ಲಿ ನಿಲ್ಲಿಸಿದ್ದೇವೆ. ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ಬರೆಯಬೇಕು. ಇಲಾಖೆಯ ವೇಳೆಯೂ ಅದೇ. ಮೊದಲ ವಾರದ ಪಾಳಿಯನ್ನು ಆ ಹುಡುಗಿಯೇ ಕೇಳಿ ಪಡೆದಿದ್ದಾಳೆ. ಆದರೆ ಭಾನುವಾರ, ಬೇಸಿಗೆ ರಜೆಯಲ್ಲಿ ಶಾಲೆಯಲ್ಲಿ ಯಾರೂ ಇರುವುದಿಲ್ಲ. ಶಾಲೆಯ ಅಕ್ಕಪಕ್ಕದ ಮನೆಯವರು ಯಾರಾದರೂ ಆ ದಿನಗಳ ಹೊಣೆ ಹೊರುತ್ತೀರಾ? ಸಭೆ ಮುಗಿದ ಮೇಲೆ ಮುಖ್ಯಗುರುಗಳ ಹತ್ತಿರ ಹೆಸರು ಬರೆಸಿ.