ತಾತನ ತಂಬೂರಿ, ರಘು ದೀಕ್ಷಿತರ ಗಿಟಾರ್

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತು)



ಸಾಫ್ಟ್‌ವೇರ್ ಕೆಲಸದ ಬಗ್ಗೆ ನಾಲ್ಕು ಮಾತು ಹೇಳು ಅಂತ ಮೇಷ್ಟ್ರು ಅಪ್ಪಣೆ ಕೊಟ್ಟಿದ್ದರು. ಕ್ಷಮಿಸಬೇಕು ಸಾರ್, ನಾನು ಒಬ್ಬ ಹಾಡುಗಾರರ ಬಗ್ಗೆ ಹೇಳುತ್ತೇನೆ.

ರಘು ದೀಕ್ಷಿತ್ ಹುಟ್ಟಿದ್ದು 1974ರಲ್ಲಿ, ನಾಸಿಕದಲ್ಲಿ. ಬೆಳೆದದ್ದು ಮೈಸೂರಿನ ಸಂಪ್ರದಾಯಸ್ಥ ಮನೆಯಲ್ಲಿ. ಕಲಿತದ್ದು ಭರತನಾಟ್ಯ. ಓದಿದ್ದು ಸೂಕ್ಷ್ಮಜೀವಿ ವಿಜ್ಞಾನದ ಎಂ.ಎಸ್ಸಿ., ಅದರಲ್ಲೂ ಚಿನ್ನದ ಪದಕ. ಕಾಲೇಜಿನಲ್ಲಿ ಗಿಟಾರ್ ನುಡಿಸುತ್ತಿದ್ದ ಸಹಪಾಠಿಯೊಬ್ಬ ಇವರ ನೃತ್ಯವನ್ನು ಹೀಯಾಳಿಸಿದನಂತೆ. ಎರಡು ತಿಂಗಳಲ್ಲಿ ಗಿಟಾರ್ ಕಲಿತು ತೋರಿಸುತ್ತೇನೆ ಎಂದು ಪಂಥ ಕಟ್ಟಿದರು, ಕಲಿತರು. ಮುಂದೆ ಬೆಲ್ಜಿಯಂನಲ್ಲಿ ಔಷಧ ಕಂಪನಿಯ ಕೆಲಸ. ಅಲ್ಲಿನ ರೇಡಿಯೋದಲ್ಲಿ ತಮ್ಮ ಹಾಡು ಬಂದ ಮೇಲೆ ಕೆಲಸ ಬಿಟ್ಟು ಊರಿಗೆ ಬಂದರು. (ನಾನು ಬಿಟ್ಟಿಲ್ಲ, ಮನೆ ಸಾಲ ಇದೆ.) 2008ರಲ್ಲಿ ಅವರ ಮೊದಲ ಆಲ್ಬಂ ಬಂತು. ಅದರಲ್ಲಿ ಗಿಟಾರ್ ಜೊತೆ ಶಿಶುನಾಳ ಷರೀಫರ ಪದಗಳಿದ್ದವು. 1819ರಲ್ಲಿ ಹುಟ್ಟಿದ, ಕೆಲಕಾಲ ಶಾಲಾ ಮಾಸ್ತರರಾಗಿದ್ದ ಷರೀಫರು! ಅದಕ್ಕೂ ಮುಂಚೆ ಆ ಪದಗಳನ್ನು ಕ್ಯಾಸೆಟ್ಟಿನಲ್ಲಿ ಮನೆಮನೆಗೆ ಮುಟ್ಟಿಸಿದವರು ಸಿ. ಅಶ್ವಥ್, ಅವರೂ ಐ.ಟಿ.ಐ. ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಹಾಡಿದವರು.

ನನಗೆ ಇದೆಲ್ಲ ಯಾಕೆ ಬೇಕು ಅಂದರೆ, ನಮ್ಮ ತಾತ. ಶನಿವಾರದ ಭಜನೆಯಲ್ಲಿ ತಂಬೂರಿ ಹಿಡಿದು ತತ್ವಪದ ಹಾಡುತ್ತಿದ್ದರು. ನಾನು ಬಿ.ಇ. ಎರಡನೇ ವರ್ಷದಲ್ಲಿದ್ದಾಗ ಬಟ್ಟೆಚೀಲದಲ್ಲಿ ಕಡಲೆಕಾಯಿ ತುಂಬಿಕೊಂಡು ಹಾಸ್ಟೆಲಿಗೆ ಬಂದರು. ಹುಡುಗರು ತಮಾಷೆಗೆ, "ಒಂದು ಹಾಡು ಹೇಳಿ ತಾತ" ಅಂದರು. ಅವರು ಮಂಚದ ಮೇಲೆ ಕೂತು, ಕಣ್ಣು ಮುಚ್ಚಿ, ಷರೀಫರ ಸೋರುವ ಮಾಳಿಗೆಯ ಪದ ಎತ್ತಿಕೊಂಡರು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನನಗೆ ಮುಖ ಎತ್ತಲಾಗಲಿಲ್ಲ. "ಸಾಕು ಬಿಡು ತಾತ" ಅಂದುಬಿಟ್ಟೆ. ಎರಡನೇ ನುಡಿಗೇ ನಿಲ್ಲಿಸಿದರು. ಬಸ್ಸಿಗೆ ಹೊತ್ತಾಯಿತು ಅಂತ ಎದ್ದರು.

ಅದೇ ವರ್ಷ ಅದೇ ಹುಡುಗರು ಅದೇ ಪದವನ್ನು ರಘು ದೀಕ್ಷಿತರ ದನಿಯಲ್ಲಿ ಹಾಕಿಕೊಂಡು, ಅದೇ ಕೋಣೆಯಲ್ಲಿ ಕುಣಿದರು. ನಾನೂ ಕುಣಿದೆ. ಮಧ್ಯದಲ್ಲಿ ಕಾಲು ನಿಂತಿತು.

ರಜೆಯಲ್ಲಿ ಬಂದು ತಾತನ ಹಾಡುಗಳನ್ನು ಮೊಬೈಲಿನಲ್ಲಿ ಹಿಡಿದೆ. ನಾಲ್ಕು ಪದ ಹಾಡಿದರು. ಆ ಪದ ಕೇಳಿದರೆ, "ಅದು ಮರೆತೋಯ್ತು ಮಗ" ಅಂದರು. ಮರೆತಿರಲಿಲ್ಲ ಅಂತ ನನಗೆ ಗೊತ್ತು. ಮುಂದಿನ ಯುಗಾದಿಗೆ ತಾತ ಇರಲಿಲ್ಲ.

ಸಾಹಿತ್ಯ ಪುಸ್ತಕದಲ್ಲಿ ಸಿಗುತ್ತದೆ. ಆದರೆ ತಾತನ ಧಾಟಿ ಅಶ್ವಥ್ ಅವರದ್ದಲ್ಲ, ರಘು ಅವರದ್ದೂ ಅಲ್ಲ. ಅವರ ಜೊತೆ ಭಜನೆಯಲ್ಲಿ ತಾಳ ಹಾಕುತ್ತಿದ್ದವರು ಈ ಪೆಂಡಾಲಿನಲ್ಲಿ ಯಾರಾದರೂ ಇದ್ದರೆ, ಊಟಕ್ಕೆ ಏಳುವ ಮುಂಚೆ ನನಗೆ ಸಿಗಿ. ಮೊಬೈಲ್ ಚಾರ್ಜ್ ಮಾಡಿಕೊಂಡೇ ಬಂದಿದ್ದೇನೆ.