ಅನುಭವ ಎರವಲು ಸಿಗುವುದಿಲ್ಲ



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕೂ ಕಡೆಯಿಂದ ಬಂದಿದ್ದೀರಿ. ನನ್ನದೇ ಒಂದು ಸೋಲಿನಿಂದ ಮಾತು ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ, ಬಸವ ಜಯಂತಿಯ ಮರುದಿನ, ನಾವು ಏಳೆಂಟು ಜನ ಒಂದು ಊರಿನ ದಲಿತ ಕೇರಿಗೆ ಹೋದೆವು. ಚಾಪೆಯ ಮೇಲೆ ಕುಳಿತು ಮುದ್ದೆ ಉಂಡೆವು. ಹೊರಡುವಾಗ ಆ ಮನೆಯ ಅಜ್ಜಿಗೆ, "ನಿಮ್ಮ ನೋವು ನಮಗೆ ಅರ್ಥವಾಗುತ್ತದಮ್ಮ" ಎಂದೆ. ಆಕೆ ನಕ್ಕರು. "ಹೆಂಗರ್ಥ ಆಯ್ತದೆ ಅಯ್ನೋರೆ? ನೀವು ನಮ್ಮನೆ ನೋಡಿದ್ದು ಇವತ್ತು. ನಿಮ್ಮಂತೋರ ಮನೆ ಬಾಗ್ಲಾಚೆ ನಿಂತು ನಾನು ನಲವತ್ತು ವರ್ಷ ನೋಡಿವ್ನಿ" ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಒಂದು ಹೊತ್ತು ಉಂಡು ನಾನು ಅವರ ಬದುಕನ್ನು ತಿಳಿದೆನೆಂದುಕೊಂಡಿದ್ದೆ. ಅವರಾದರೋ ನಮ್ಮ ಮನೆಯ ಹೊಸ್ತಿಲನ್ನು ನಮಗಿಂತ ಚೆನ್ನಾಗಿ ತಿಳಿದಿದ್ದರು. ಬೇಲಿ ಹಾಕಿದವನಿಗಿಂತ ಮುಳ್ಳು ತರಚಿದವನಿಗೇ ಬೇಲಿಯ ಗುರುತು ಹೆಚ್ಚು.

2015ರಲ್ಲಿ ಹೊಳೆನರಸೀಪುರ ತಾಲೂಕಿನ ಸಿಗರನಹಳ್ಳಿಯಲ್ಲಿ ಗುಡಿಯೊಳಗೆ ಹೋದರೆಂದು ದಲಿತ ಹೆಣ್ಣುಮಕ್ಕಳಿಗೆ ದಂಡ ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಆ ಗುಡಿ ಬಸವೇಶ್ವರನದು! ಓದಿ ನಾವೆಲ್ಲ ಮರುಗಿದೆವು. ಆದರೆ ಕೈಮುಗಿಯಲು ಹೋಗಿ ದಂಡಕ್ಕೆ ಗುರಿಯಾಗುವುದು ಹೇಗಿರುತ್ತದೆ? ಯಾವ ಗುಡಿಯ ಬಾಗಿಲಲ್ಲೂ ತಡೆಯಲ್ಪಡದ ನಾನು ಅದನ್ನು ಊಹಿಸಬಲ್ಲೆ, ಅನುಭವಿಸಲಾರೆ. ನನ್ನ ಮರುಕವೇ ಅವರ ಅನುಭವವೆಂದು ಹೇಳಿಕೊಂಡರೆ ಅದು ಹುಸಿಯಾಗುತ್ತದೆ.

ಶರಣರಿಗೆ ಇದು ಗೊತ್ತಿತ್ತು. ಕಲ್ಯಾಣದಲ್ಲಿ ಅವರು ಸೇರಿದ ಮಂಟಪಕ್ಕೆ ನಾವು ಅನುಭವ ಮಂಟಪ ಎನ್ನುತ್ತೇವೆ, ಮರುಕದ ಮಂಟಪ ಎನ್ನುವುದಿಲ್ಲ. ಸೂಳೆ ಸಂಕವ್ವೆಯ ಪರವಾಗಿ ಬೇರೆಯವರು ವಚನ ಬರೆದು ಕೊಡಲಿಲ್ಲ. ಆ ತಾಯಿ ತನ್ನ ಮಾತನ್ನು ತನ್ನ ಅಂಕಿತದಲ್ಲೇ ಹೇಳಿದಳು. ಮಾದಾರ ಧೂಳಯ್ಯ, ಅಂಬಿಗರ ಚೌಡಯ್ಯ ತಮ್ಮ ಕಾಯಕದ ಮಾತನ್ನು ತಾವೇ ಆಡಿದರು. ಗಂಡ ಮಾರಯ್ಯ ಹೆಚ್ಚು ಅಕ್ಕಿ ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳು. ಹಸಿವನ್ನು ಬಲ್ಲವಳೇ ಎಷ್ಟು ಸಾಕು ಎಂಬುದನ್ನೂ ಹೇಳಿದಳು. ಪ್ರಧಾನಿಯಾಗಿದ್ದ ಬಸವಣ್ಣನವರ ದೊಡ್ಡತನವಿರುವುದು ಇವರೆಲ್ಲರ ಮಾತಿಗೆ ಎಡೆ ಮಾಡಿಕೊಟ್ಟು, ಕೂತು ಕೇಳಿದ್ದರಲ್ಲಿ.

ಹಾಗಾದರೆ, ಅರ್ಥವಾಗದೆಂದು ಕೈಕಟ್ಟಿ ಕೂರುವುದೇ? ಖಂಡಿತ ಅಲ್ಲ. ಹರಳಯ್ಯ, ಮಧುವರಸರು ಒಬ್ಬರನ್ನೊಬ್ಬರು ಪೂರ್ತಿ ಅರ್ಥಮಾಡಿಕೊಳ್ಳಲೆಂದು ಕಾಯಲಿಲ್ಲ. ಮಕ್ಕಳನ್ನು ಕೊಟ್ಟು ತಂದು ಬೀಗರಾದರು, ಅದಕ್ಕೆ ಪ್ರಾಣವನ್ನೇ ತೆತ್ತರು. ನಮ್ಮ ಮರುಕಕ್ಕೆ ನಾವೇನು ತೆತ್ತಿದ್ದೇವೆ? ನಮ್ಮ ಸಂಘಗಳ ಆಡಳಿತದಲ್ಲಿ ಅವರಿಗೆ ಜಾಗವಿದೆಯೇ? ದಾಸೋಹದ ಒಲೆಯ ಮುಂದೆ ಅವರ ಕೈ ಇದೆಯೇ? ಲಿಂಗ ಕಟ್ಟಿಕೊಂಡು ಬಂದವರಿಗೆ ಹೆಣ್ಣು ಕೊಡುತ್ತೇವೆಯೇ?

ನನ್ನದೊಂದು ಬಿನ್ನಹ. ಮುಂದಿನ ಸಲ ಈ ವಿಷಯಕ್ಕೆ ನನ್ನನ್ನು ಕರೆಯಬೇಡಿ. ಆ ಅಜ್ಜಿಯನ್ನು ಕರೆಯಿರಿ. ಅವರು ನಮ್ಮ ಬಗ್ಗೆ ಕಹಿಯಾಗಿ ಮಾತನಾಡಿದರೂ ನಡುವೆ ಬಾಯಿ ಹಾಕದೆ ಕೇಳೋಣ. ನಾನು ಅಲ್ಲಿ, ನಿಮ್ಮ ನಡುವೆ, ಜಮಖಾನದ ಮೇಲೆ ಕುಳಿತಿರುತ್ತೇನೆ.